ಕರಿ ಐದು, ಬಿಳಿ ಆರು

ಸಿಂದಗಿ, ಹೊರಡುವ ಹಿಂದಿನ ದಿನ

ಜರ್ಮನಿಗೆ ಹೊರಟವರು ಚಟ್ನಿಪುಡಿ, ಉಪ್ಪಿನಕಾಯಿ ಕಟ್ಟಿಕೊಳ್ಳುತ್ತಾರೆ. ನಾನು ನಮ್ಮ ಹಾರ್ಮೋನಿಯಂ ಬಿಚ್ಚಿ, ಅದರೊಳಗಿನ, ಗಾಳಿಗೆ ಸ್ವರ ಹೊರಡಿಸುವ ಎರಡು ಹಿತ್ತಾಳೆ ರೀಡು ಕಿತ್ತು ಕರ್ಚೀಫಿನಲ್ಲಿ ಕಟ್ಟಿಕೊಂಡೆ. ಒಂದು ಕರಿ ಐದು, ಇನ್ನೊಂದು ಬಿಳಿ ಆರು. ನಮ್ಮ ಕಡೆ ಶ್ರುತಿಗೆ ಬೇರೆ ಹೆಸರಿಲ್ಲ. ಹಾರ್ಮೋನಿಯಂನ ಕರಿ ಪಟ್ಟಿ, ಬಿಳಿ ಪಟ್ಟಿ ಎಣಿಸಿ ಹೇಳಿದರೆ ಮುಗಿಯಿತು. ಹೆಣ್ಣುಮಕ್ಕಳ ಶಾಲೆಯಲ್ಲಿ ಇಪ್ಪತ್ತೆಂಟು ವರ್ಷ ಹಾಡು ಕಲಿಸಿದ ನನಗೆ ಊರೆಲ್ಲ ‘ಹಾಡಿನ ಅಕ್ಕೋರು’ ಎನ್ನುತ್ತದೆ. ದೇವರು ಬುದ್ಧಿ ಕೊಡುವಾಗ ಕೈ ಬಿಗಿಹಿಡಿದ, ಕಿವಿ ಕೊಡುವಾಗ ಮಾತ್ರ ಸುರಿದುಬಿಟ್ಟ. ಬಾಗಿಲು ಕಿರ್ ಎಂದರೂ ಅದು ಯಾವ ಸ್ವರ ಎಂದು ತಲೆ ಕೆಡಿಸಿಕೊಳ್ಳುವವಳು ನಾನು.

ನನ್ನ ತಮ್ಮ ಚನ್ನಪ್ಪ ಹಗಲು ಕಿರಾಣಿ ಅಂಗಡಿಯಲ್ಲಿ ಬೆಲ್ಲ ತೂಗುತ್ತಾನೆ, ಸಂಜೆ ಕ್ಲಾರಿನೆಟ್ ಊದುತ್ತಾನೆ. ಊದುತ್ತಿದ್ದ ಎನ್ನಬೇಕು. ಬಾಗಿಲು ಹಾಕಿದ ಒಂದು ನಾಟಕ ಕಂಪನಿಯಿಂದ ನಮ್ಮಪ್ಪ ಎರಡು ಕ್ಲಾರಿನೆಟ್ ತಂದಿದ್ದರು, ಗಿಡ್ಡದು ಕರಿ ಐದಕ್ಕೆ, ಉದ್ದದ್ದು ಬಿಳಿ ಆರಕ್ಕೆ. ಬಾಯಿಗಿಡುವ ತುಂಡಿಗೂ ಕೆಳಗಿನ ಕೊಳವೆಗೂ ನಡುವೆ ಕೂಡಿಸುವ ಮೂರ್ನಾಲ್ಕು ಬೆರಳಗಲದ ಮರದ ತುಂಡಿಗೆ ಬ್ಯಾರಲ್ ಎನ್ನುತ್ತಾರೆ. ಕಂಪನಿಯವರ ಪೆಟ್ಟಿಗೆಯಲ್ಲಿ ವಾದ್ಯ ಎರಡಿದ್ದರೂ ಬ್ಯಾರಲ್ ಒಂದೇ ಇತ್ತು. ಚನ್ನು ಇಪ್ಪತ್ತು ವರ್ಷ ಅದೊಂದನ್ನೇ ಅದಕ್ಕೂ ಇದಕ್ಕೂ ಹಾಕಿ ಊದಿದ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎನ್ನುವಂಥ ಸಂಸಾರ ಅದು. ಎರಡನ್ನೂ ತುಟಿ ಬಿಗಿದು ಹದಕ್ಕೆ ತರುತ್ತಿದ್ದ.

ಎರಡು ವರ್ಷದ ಹಿಂದೆ ಅವನಿಗೆ ಲಕ್ವಾ ಹೊಡೆಯಿತು. ಕೈಕಾಲು ಉಳಿದವು, ಮುಖದ ಎಡಭಾಗ ಜೋತುಬಿತ್ತು. ಬಿಗಿಯಲು ತುಟಿ ಇಲ್ಲದಾಯಿತು. ಊದಿದರೆ ಸ್ವರ ಕೆಳಗೆ ಜಾರುತ್ತದೆ, ಹಾರ್ಮೋನಿಯಂ ಒಂದು ಕಡೆ, ಅವನೊಂದು ಕಡೆ. ಬಸವ ಜಯಂತಿಗೆ ಬಾಗೇವಾಡಿಯ ಭಜನೆಯಲ್ಲಿ ಪ್ರತಿವರ್ಷ ಊದುತ್ತಿದ್ದವನು ಎರಡು ಜಯಂತಿ ಮನೆಯಲ್ಲೇ ಕೂತ. ಮಾತೂ ಕಡಿಮೆಯಾಯಿತು. ಅದನ್ನು ನೋಡಿಕೊಂಡಿರುವುದು ನನ್ನಿಂದ ಆಗುತ್ತಿರಲಿಲ್ಲ.

ವಾದ್ಯದ ಮೇಲೆ ಕೆತ್ತಿದ್ದ ಊರಿನ ಹೆಸರಿಗೆ ನಾನೇ ಕಾಗದ ಬರೆದೆ. ಮಾರ್ಥಾ ಎಂಬ ಹೆಂಗಸು ಇಂಗ್ಲಿಷಿನಲ್ಲಿ ಉತ್ತರಿಸಿದಳು: ತುಟಿ ಸಡಿಲವಾದವರಿಗೆ ಗಿಡ್ಡ ಬ್ಯಾರಲ್ ಹಾಕಿದರೆ ಸ್ವರ ಮೇಲೇರುತ್ತದೆ, ಆದರೆ ಎರಡು ವಾದ್ಯಕ್ಕೆ ಎರಡು ಬೇಕು, ಊದಿ ನೋಡದೆ ಕೊಡಲಾಗದು. ಅದೇ ಹೊತ್ತಿಗೆ ನಮ್ಮ ಜಿಲ್ಲೆಯಿಂದ ಐದು ಶಿಕ್ಷಕರ ತಂಡ ಜರ್ಮನಿಯ ಶಾಲೆಗಳನ್ನು ನೋಡಲು ಹೊರಟಿತ್ತು. ಪಟ್ಟಿಯಲ್ಲಿ ನನ್ನ ಹೆಸರು ಬರುವವರೆಗೂ ನಾನು ಕಚೇರಿಯ ಬಾಗಿಲು ಬಿಡಲಿಲ್ಲ.

ಹೊರಡುವಾಗ ಚನ್ನು ಎರಡೂ ವಾದ್ಯ ಕೈಗಿತ್ತ. “ಅಕ್ಕಾ, ಸುಮ್ಮ ಹೊತಗೊಂಡು ಹೊಂಟಿ. ಮಾರಿ ಸೊಟ್ಟ ಆದಂವಗ ಮರದ ತುಂಡು ಏನ್ ಮಾಡತೈತಿ?”

“ಬಾಯಿ ಮುಚ್ಚು,” ಎಂದೆ. “ಕ್ಯಾಸೆಟ್ಟಿಗೆ ಒಂದ್ ನಾಕ್ ಸ್ವರ ಊದಿ ಕೊಡು. ಹೆಂಗ ಬರತೈತಿ ಹಂಗ ಊದು.”

ಅವನು ಊದಿದ. ರೆಕಾರ್ಡ್ ಮಾಡುತ್ತಾ ನಾನು ಗೋಡೆ ನೋಡುತ್ತಿದ್ದೆ.

ಮಂಜಿನೊಳಗಿನ ಸ್ಟೇಷನ್

ವಿಮಾನ ನಿಲ್ದಾಣದ ತಪಾಸಣೆಯಲ್ಲಿ ರೀಡು ಹಿಡಿದುಕೊಂಡರು. ಇದೇನು ಎಂದರು. ಬಾಯಿಗಿಟ್ಟು ಊದಿ ತೋರಿಸಿದೆ. ಬಿಳಿ ಆರು ಕೇಳಿ ಆ ಸಿಪಾಯಿ ಒಂದು ಹೆಜ್ಜೆ ಹಿಂದೆ ಸರಿದ, ಮತ್ತೇನೂ ಕೇಳದೆ ಕಳಿಸಿದ.

ತಂಡದಲ್ಲಿ ಇಂಡಿ ತಾಲೂಕಿನ ಭೂಗೋಳದ ಮಾಸ್ತರೊಬ್ಬರಿದ್ದರು. ಜರ್ಮನಿಯಲ್ಲಿ ಮೂರು ದಿನ ರಜೆ ಪಡೆದು ನಾನೊಬ್ಬಳೇ ವಾದ್ಯದ ಊರಿಗೆ ಹೊರಟಾಗ ರೈಲು ಹತ್ತಿಸಲು ಬಂದರು. “ಅಕ್ಕೋರ, ನಕಾಶದಾಗ ಆ ಊರಿನ ಹೆಸರು ಭಾಳ ಸಣ್ಣ ಅಕ್ಷರದಾಗ ಐತ್ರಿ. ಜ್ವಾಕಿ,” ಎಂದರು. ಭೂಗೋಳದವರ ಧೈರ್ಯ ಅಷ್ಟೇ.

ಊರು ಚೆಕ್ ಗಡಿಗೆ ಅಂಟಿಕೊಂಡಿತ್ತು. ಫೆಬ್ರವರಿ ಮಧ್ಯಾಹ್ನ, ಹಿಮ, ಅದರ ಮೇಲೆ ಮಂಜು. ಇಳಿದವಳು ನಾನೊಬ್ಬಳೇ. ರಸ್ತೆ ದಾಟುವ ಕಡೆ ಒಬ್ಬ ಮುದುಕಿ ಕೆಂಪು ದೀಪ ನೋಡುತ್ತಾ ನಿಂತಿದ್ದಳು. ಆ ಕಡೆ ಈ ಕಡೆ ಒಂದು ಗಾಡಿ ಇಲ್ಲ, ನಾಯಿಯೂ ಇಲ್ಲ. ಆದರೂ ನಿಂತಿದ್ದಳು. ಸಿಂದಗಿ ಬಸ್‌ಸ್ಟ್ಯಾಂಡಿನ ಮುಂದೆ ಎಮ್ಮೆಯ ಬಾಲ ಹಿಡಿದು ರಸ್ತೆ ದಾಟುವ ನಾನು ಅವಳ ಪಕ್ಕ ಹೋಗಿ ನಿಂತೆ. ದೀಪ ಹಸಿರಾಯಿತು. ಅವಳು ದಾಟಲಿಲ್ಲ. ನಾನು ದಾಟಿ ತಿರುಗಿ ನೋಡಿದರೆ ಮಂಜಿನಲ್ಲಿ ಯಾರೂ ಕಾಣಲಿಲ್ಲ. ಸೆರಗು ಬಿಗಿದು ಬೇಗ ಬೇಗ ನಡೆದೆ.

ಒಂದು ಕಾಲಕ್ಕೆ ಇಲ್ಲಿ ಮನೆಮನೆಯಲ್ಲೂ ವಾದ್ಯ ಮಾಡುತ್ತಿದ್ದರಂತೆ, ಅದೂ ಒಂದು ಮನೆಗೆ ಒಂದೇ ತುಂಡು. ಒಬ್ಬ ಬರೀ ತೂತು ಮುಚ್ಚುವ ಕೀಲಿ, ಇನ್ನೊಬ್ಬ ಬರೀ ಗಂಟೆಯಾಕಾರದ ತುದಿ. ಪೂರ್ತಿ ವಾದ್ಯ ಯಾರ ಮನೆಯಲ್ಲೂ ಇಲ್ಲ. ಎರಡು ಜರ್ಮನಿ ಒಂದಾದ ಮೇಲೆ ಕಾರ್ಖಾನೆ ನಿಂತು ಜನ ಹೋದರು. ಕಿಟಕಿಯೊಳಗೆ ಇಣುಕಿದರೆ ಅರ್ಧ ಕೆತ್ತಿದ ಪಿಟೀಲಿನ ಕುತ್ತಿಗೆಗಳು ಸಾಲಾಗಿ ತೂಗುತ್ತಿದ್ದವು, ಮೇಲೆ ಧೂಳು. ಇಡೀ ಓಣಿಯಲ್ಲಿ ಹೊಗೆ ಬರುತ್ತಿದ್ದದ್ದು ಒಂದೇ ಮನೆಯ ಚಿಮಣಿಯಿಂದ.

ಮೊದಲ ದಿನ: ಗೋಡೆಯ ಆಚೆ

ಮಾರ್ಥಾ ನನ್ನ ವಯಸ್ಸಿನವಳು, ಎತ್ತರ, ಕೈಯೆಲ್ಲ ಮರದ ಪುಡಿ. ಮೊದಲು ಕೂರಿಸಿ ಹುಳಿ ಬಂದ ಕೋಸು ಬಡಿಸಿದಳು. ಕೆಟ್ಟಿದೆ ಎಂದು ಹೇಳಲು ಬಾಯಿ ತೆರೆದೆ. ಅವಳೂ ಅದನ್ನೇ ತಿನ್ನುತ್ತಿದ್ದಳು, ನಾನೂ ತಿಂದೆ.

ಊಟವಾದ ಮೇಲೆ ಎರಡು ವಾದ್ಯವನ್ನೂ ಕ್ಯಾಸೆಟ್ಟನ್ನೂ ಕೊಟ್ಟೆ. “ಬ್ಯಾರಲ್ ಕೆಲಸ ಅಪ್ಪನದು. ಅವರು ಮಾತಾಡುವುದಿಲ್ಲ, ಜನರೆದುರು ಬರುವುದೂ ಕಡಿಮೆ. ಮೊದಲು ಕೇಳಲಿ,” ಎಂದು ಎಲ್ಲ ಎತ್ತಿಕೊಂಡು ಒಳಗೆ ಹೋದಳು. ನಾನು ಹೊರಕೋಣೆಯಲ್ಲಿ ಒಬ್ಬಳೇ ಕೂತೆ. ತಲೆಯ ಮೇಲೆ ನೂರಾರು ಬ್ಯಾರಲ್ ದಾರಕ್ಕೆ ಪೋಣಿಸಿ ಒಣಗಲು ಬಿಟ್ಟಿದ್ದರು. ಬಾಗಿಲಸಂದಿಯಿಂದ ಗಾಳಿ ಬಂದಾಗೆಲ್ಲ ಅವು ಒಂದಕ್ಕೊಂದು ತಗಲುತ್ತಿದ್ದವು.

ಗೋಡೆಯ ಆಚೆ ಕ್ಯಾಸೆಟ್ ಶುರುವಾಯಿತು. ನನ್ನ ತಮ್ಮನ ಸ್ವರ, ಅದೇ ಜಾರು, ಅದೇ ಸುಸ್ತು. ನಾಲ್ಕು ಸ್ವರ ಮುಗಿದು ನಿಂತಿತು. ಮತ್ತೆ ಹಾಕಿದರು. ಮತ್ತೆ ಅದೇ ನಾಲ್ಕು. ಮೂರನೆಯ ಸಲ ನಾಲ್ಕರ ಮುಂದೆ ಐದನೆಯ ಸ್ವರ ಬಂತು.

ಚನ್ನು ಊದಿದ್ದು ನಾಲ್ಕೇ. ರೆಕಾರ್ಡ್ ಮಾಡಿದವಳು ನಾನು.

ಎದ್ದು ಹೋಗಿ ಬಾಗಿಲು ತಳ್ಳಿದೆ. ಮೇಜಿನ ಮೇಲೆ ಟೇಪ್‌ರೆಕಾರ್ಡರಿನ ಮುಚ್ಚಳ ತೆರೆದಿತ್ತು, ಕ್ಯಾಸೆಟ್ ಪಕ್ಕದಲ್ಲಿ ಬಿದ್ದಿತ್ತು. ಕಿಟಕಿಯ ಬೆಳಕಿಗೆ ಬೆನ್ನು ಮಾಡಿ ಒಬ್ಬ ಮುದುಕ ನನ್ನ ತಮ್ಮನ ಕ್ಲಾರಿನೆಟ್ ಊದುತ್ತಿದ್ದ. ಶಬ್ದಕ್ಕೆ ತಿರುಗಿದ. ಮುಖದ ಎಡಭಾಗ ಜೋತುಬಿದ್ದಿತ್ತು.

ನಾನು “ಶಿವನೇ” ಎಂದು ಕೂಗಿದ್ದು ಆ ಓಣಿಗೆಲ್ಲ ಕೇಳಿಸಿರಬೇಕು. ಕೇಳಲು ಯಾರೂ ಇರಲಿಲ್ಲ ಅಷ್ಟೇ. ಮಾರ್ಥಾ ನೀರು ತಂದಳು. “ಅಪ್ಪನಿಗೂ ಹಾಗೇ ಆಯಿತು, ಬಹಳ ವರ್ಷದ ಹಿಂದೆ. ಕಾಗದದಲ್ಲಿ ಬರೆಯಬೇಕಿತ್ತು, ಬರೆಯಲಿಲ್ಲ,” ಎಂದಳು. ಮುದುಕ ವಾದ್ಯದ ಬಾಯಿ ಒರೆಸಿ ನನ್ನತ್ತ ಚಾಚಿದ. ನಮ್ಮ ಮನೆಯಲ್ಲಿ ಒಬ್ಬರ ಲೋಟ ಇನ್ನೊಬ್ಬರು ಕಚ್ಚಿ ಕುಡಿಯುವುದಿಲ್ಲ. ಎಂಜಲು ಎಂದು ಮೈ ಮುದುಡಿತು, ನಾಚಿಕೆಯೂ ಆಯಿತು.

ಆಮೇಲೆ ಕೆಲಸಕ್ಕೆ ಕೂತೆವು. ನಾನು ಹಿತ್ತಾಳೆ ರೀಡು ಊದುತ್ತಿದ್ದೆ, ಮುದುಕ ಒಂದೊಂದು ಬ್ಯಾರಲ್ ಹಾಕಿ ಚನ್ನುವಿನಂತೆಯೇ ತುಟಿ ಸಡಿಲ ಬಿಟ್ಟು ಊದುತ್ತಿದ್ದ. ಉದ್ದ ವಾದ್ಯಕ್ಕೆ ಉದ್ದ ಬ್ಯಾರಲ್ ಇರಬೇಕೆಂದು ನಾನು ತಿಳಿದಿದ್ದೆ. ಸಿಂದಗಿಯಲ್ಲಿ ಯಾರನ್ನು ಕೇಳಿದರೂ ಹಾಗೇ ಹೇಳುತ್ತಾರೆ. ಉಲ್ಟಾ. ಬಿಳಿ ಆರರ ಉದ್ದ ವಾದ್ಯಕ್ಕೇ ಕೂದಲೆಳೆ ಗಿಡ್ಡ ಬ್ಯಾರಲ್ ಬೇಕಾಗಿತ್ತು, ಒಳಗಿನ ತೂತಿನ ಇಳಿಜಾರೂ ಬೇರೆ. ಕತ್ತಲಾಗುವ ಹೊತ್ತಿಗೆ ಎರಡೂ ನಮ್ಮ ಹಾರ್ಮೋನಿಯಂ ಪೆಟ್ಟಿಗೆಯ ಸ್ವರಕ್ಕೆ ಎಳ್ಳಷ್ಟೂ ಆಚೀಚೆಯಾಗದೆ ಕೂಡಿದವು. ಕೆಲಸ ಮುಗಿಯಿತೆಂದು ವಾದ್ಯಗಳನ್ನು ಒಲೆಯ ಪಕ್ಕದ ಕಪಾಟಿನಲ್ಲಿಟ್ಟು ಮಲಗಿದೆ.

ಎರಡನೆಯ ದಿನ: ಕೋಣೆಯೊಳಗೆ ವೈಶಾಖ

ಬೆಳಿಗ್ಗೆ ಕೂಡಿಸಿ ಊದಿದರೆ ಎರಡೂ ಚೀರಿದವು. ಸ್ವರ ಎಲ್ಲಿಗೋ ಮೇಲೆ ಹಾರಿತ್ತು. ವಾದ್ಯ ಅದೇ, ಬ್ಯಾರಲ್ ಅದೇ, ಊದಿದವನೂ ಅವನೇ. ಯಾರು ಮುಟ್ಟಿದರು ಎಂದು ಮಾರ್ಥಾಳ ಮುಖ ನೋಡಿದೆ. ಬಾಗಿಲ ಚಿಲಕ ನಾನೇ ಹಾಕಿದ್ದೆ.

ಮುದುಕ ಮಾತ್ರ ಕ್ಲಾರಿನೆಟ್ಟನ್ನು ಕೆನ್ನೆಗೆ ಒತ್ತಿ ನೋಡಿ, ನನ್ನತ್ತ ಬೆರಳು ತೋರಿ, ಹಣೆಯ ಬೆವರು ಒರೆಸಿದಂತೆ ಮಾಡಿದ. “ನಿಮ್ಮ ಊರು ಎಷ್ಟು ಬಿಸಿ ಎಂದು ಕೇಳುತ್ತಿದ್ದಾರೆ,” ಎಂದಳು ಮಾರ್ಥಾ. ಒಲೆಯ ಪಕ್ಕ ಇಟ್ಟದ್ದಕ್ಕೆ ವಾದ್ಯ ಬೆಚ್ಚಗಾಗಿ, ಒಳಗಿನ ಗಾಳಿ ಕಾದು ಸ್ವರ ಏರಿತ್ತು. ಚಳಿಯಲ್ಲಿ ಆರಿಸಿದ್ದನ್ನು ಹಾಗೇ ಒಯ್ದಿದ್ದರೆ ಬಾಗೇವಾಡಿಯ ಬಿಸಿಲಲ್ಲಿ ಭಜನೆ ಹಾಳಾಗಿ, ಚನ್ನು ವಾದ್ಯವನ್ನು ಬಾವಿಗೆ ಎಸೆಯುತ್ತಿದ್ದ. ಹಾಡು ಕಲಿಸುವವಳಿಗೆ ಇಷ್ಟು ಹೊಳೆಯಲಿಲ್ಲವಲ್ಲ ಎಂದು ತಲೆ ಚಚ್ಚಿಕೊಂಡೆ.

ಬಸವ ಜಯಂತಿಗೆ ನಮ್ಮಲ್ಲಿ ನಲವತ್ತರ ಮೇಲೆ ಎಂದೆ. ಅಪ್ಪ ಮಗಳು ಒಬ್ಬರನ್ನೊಬ್ಬರು ನೋಡಿಕೊಂಡರು. ಆಮೇಲೆ ಕಿಟಕಿಯ ಸಂದಿಗೆಲ್ಲ ಬಟ್ಟೆ ತುರುಕಿ ಒಲೆಗೆ ಕಲ್ಲಿದ್ದಲು ಹಾಕತೊಡಗಿದರು. ಗಂಟೆ ಕಳೆಯಿತು. ಹೊರಗೆ ಹಿಮ ಬೀಳುತ್ತಿತ್ತು, ಒಳಗೆ ಗೋಡೆಯ ಉಷ್ಣಮಾಪಕ ನಲವತ್ತು ಮುಟ್ಟಿತು. ಮಾರ್ಥಾ ತಲೆ ಸುತ್ತುತ್ತದೆಂದು ಹೊರಗೆ ಹೋದಳು. ನನಗೆ ಮಾತ್ರ ಎರಡು ವಾರದಲ್ಲಿ ಮೊದಲ ಸಲ ಮೈ ಬಿಡಿಸಿಕೊಂಡಂತಾಯಿತು.

ಆಗ ವಾಸನೆ ಬಂತು. ಬೆಲ್ಲ, ಶೇಂಗಾ ಎಣ್ಣೆ, ಗೋಣಿತಾಟು, ಒಣಮೆಣಸಿನಕಾಯಿ. ತಮ್ಮನ ಅಂಗಡಿ. ಇಪ್ಪತ್ತು ವರ್ಷ ಅಂಗಡಿಯ ಕಪಾಟಿನಲ್ಲಿ ಕೂತಿದ್ದ ಮರ ಕಾದು ಉಸಿರು ಬಿಡುತ್ತಿತ್ತು. ಕಣ್ಣು ಮುಚ್ಚಿದರೆ ಸಿಂದಗಿ, ತೆರೆದರೆ ಜೋತುಬಿದ್ದ ಮುಖದ ಪರದೇಶಿ ಮುದುಕ. ಅವನು ಊದುವ ಮೊದಲು ವಾದ್ಯದ ತುದಿಯನ್ನು ಮೊಣಕಾಲಿಗೆ ಎರಡು ಸಲ ತಟ್ಟಿದ.

ಅದು ಚನ್ನುವಿನ ಚಾಳಿ. ಕ್ಯಾಸೆಟ್ಟಿನಲ್ಲಿ ಕಾಣುವಂಥದ್ದಲ್ಲ. ನಾನು ಹೇಳಿರಲಿಲ್ಲ.

“ಯಾಕ ಹಂಗ ಮಾಡಿದ್ರಿ?” ಎಂದೆ, ಕನ್ನಡದಲ್ಲೇ. ಮುದುಕ ನನ್ನನ್ನು ನೋಡಿದ, ತನ್ನ ಮೊಣಕಾಲು ನೋಡಿದ. ಏನು ಮಾಡಿದೆ ಎಂದು ಅವನಿಗೇ ಗೊತ್ತಿದ್ದಂತಿರಲಿಲ್ಲ. ತುದಿಯ ಒಂದು ಕಡೆ ಮರ ಸವೆದಿದೆ, ಹಿಡಿದವರ ಕೈ ತಾನೇ ಅತ್ತ ಹೋಗುತ್ತದೆ ಎಂದು ಆಮೇಲೆ ಮಾರ್ಥಾ ಸಮಾಧಾನ ಹೇಳಿದಳು. ಇರಬಹುದು. ನಾನು ಅವತ್ತು ಆ ಕೋಣೆಯಲ್ಲಿ ಬೆವರಿದ್ದು ಬಿಸಿಗಲ್ಲ.

ಸಂಜೆಗೆ ಎರಡು ಬ್ಯಾರಲ್ ಗೊತ್ತಾದವು. ನಿನ್ನೆಯವಕ್ಕಿಂತ ಒಂದು ಎಳೆ ಉದ್ದ, ಮಾಮೂಲಿ ಬ್ಯಾರಲ್ಲಿಗಿಂತ ಬಹಳ ಗಿಡ್ಡ.

ಮೂರನೆಯ ದಿನ: ಸಾಲು

ಹೊರಡುವ ಬೆಳಿಗ್ಗೆ ಮಾರ್ಥಾ ಬಸ್ಸು ವಿಚಾರಿಸಲು ಹೋಗಿದ್ದಳು. ಮುದುಕ ನನ್ನೆದುರು ಕೂತು ಒಂದು ಪೆಟ್ಟಿಗೆ ತೆರೆದ. ಒಳಗೆ ಹಳೆಯ ಬ್ಯಾರಲ್‌ಗಳು. ಮೇಜಿನ ಮೇಲೆ ಎರಡು ಸಾಲು ಮಾಡಿ ಜೋಡಿಸಿದ, ಮೇಲಿನದು ಕರಿ ಐದಕ್ಕೆ, ಕೆಳಗಿನದು ಬಿಳಿ ಆರಕ್ಕೆ. ಸಾಲಿಗೆ ಐದು. ನನ್ನ ಎಡಗಡೆ ಎಲ್ಲಕ್ಕಿಂತ ಉದ್ದದ್ದು, ಬಲಕ್ಕೆ ಬರುತ್ತಾ ಒಂದಕ್ಕಿಂತ ಒಂದು ಗಿಡ್ಡ. ಮುದುಕ ತನ್ನ ತುಟಿ ಮುಟ್ಟಿ, ಎದೆ ಮುಟ್ಟಿ, ಸಾಲು ತೋರಿಸಿದ. ಇವೆಲ್ಲ ಅವನವೇ. ಗೋಡೆಯ ಕ್ಯಾಲೆಂಡರ್ ತೋರಿ ಐದು ಬೆರಳೆತ್ತಿದ: ವರ್ಷಕ್ಕೊಂದರಂತೆ ಕೆತ್ತಿಕೊಂಡದ್ದು.

ಆಮೇಲೆ ನಿನ್ನೆ ಆರಿಸಿದ ಎರಡನ್ನು ತಂದು ಆಯಾ ಸಾಲಿನ ಕೊನೆಯ, ಎಲ್ಲಕ್ಕಿಂತ ಗಿಡ್ಡದರ ಪಕ್ಕದಲ್ಲಿಟ್ಟ. ಅಳತೆ ಒಂದೇ.

ವರ್ಷ ಹೋದಂತೆ ತುಟಿ ಸಡಿಲ, ತುಟಿ ಸಡಿಲವಾದಂತೆ ಬ್ಯಾರಲ್ ಗಿಡ್ಡ. ಇವನು ಐದು ವರ್ಷದಲ್ಲಿ ತಲುಪಿದ ಕಡೆಗೆ ನನ್ನ ತಮ್ಮ ಎರಡೇ ವರ್ಷದಲ್ಲಿ ಬಂದು ಮುಟ್ಟಿದ್ದಾನೆ. ಇದರ ಮುಂದೆ ಮೇಜಿನ ಮೇಲೆ ಮರವೇ ಇರಲಿಲ್ಲ. ಮೂರು ದಿನದಿಂದ ಅವನ ಸಡಿಲ ಸ್ವರ ಕೇಳಿದ್ದವಳಿಗೆ ಬೇರೆ ಅರ್ಥ ಹೊಳೆಯಲೂ ಇಲ್ಲ.

ಮುದುಕ ಎಲ್ಲವನ್ನೂ ಪೆಟ್ಟಿಗೆಗೆ ತುಂಬಿ ನನ್ನ ಮಡಿಲಿಗಿಟ್ಟ. ಮುಖದ ಅರ್ಧ ನಗುತ್ತಿತ್ತು, ಇನ್ನರ್ಧ ಸುಮ್ಮನಿತ್ತು. ಬೇಡವೆಂದು ತಳ್ಳಿದರೆ ಮತ್ತೆ ಇಟ್ಟ. ಮಾರ್ಥಾ ಓಡಿಬಂದು ಬಸ್ಸು ಬಂತು ಎಂದಳು. ಅವನು ಅವಳ ಕೈ ಹಿಡಿದು ಅಂಗೈ ಮೇಲೆ ಏನೋ ಗೀಚಿದ. “ಒಂದಾದ ಮೇಲೆ ಒಂದು, ಅವಸರ ಮಾಡಬೇಡಿ ಎನ್ನುತ್ತಾರೆ,” ಎಂದಳು. ಬಸ್ಸಿನಲ್ಲಿ ಕೂತು ಅತ್ತೆ. ಕೆಂಪು ದೀಪದ ಹತ್ತಿರ ಆ ಮುದುಕಿ ಇನ್ನೂ ನಿಂತಿದ್ದಳು.

ಸಿಂದಗಿ

ಚನ್ನು ಬ್ಯಾರಲ್ ತಿರುಗಿಸಿ ನೋಡಿದ. “ಅಕ್ಕಾ, ಇದರಾಗ ಯಾರರೆ ಊದ್ಯಾರೇನು?”

“ಊದ್ಯಾರ. ತೊಳದೇನಿ. ಸುಮ್ಮ ಊದು.”

ರೀಡು ಎರಡನ್ನೂ ಮತ್ತೆ ಹಾರ್ಮೋನಿಯಂಗೆ ಕೂಡಿಸಿದ್ದೆ. ಕರಿ ಐದು ಒತ್ತಿದೆ, ಅವನು ಊದಿದ. ಕೂಡಿತು. ವಾದ್ಯ ಬದಲಿಸಿದ, ಬಿಳಿ ಆರು. ಅದೂ ಕೂಡಿತು. ಒಳಗಿನಿಂದ ಅವನ ಹೆಂಡತಿ ಗೌರವ್ವ ರೊಟ್ಟಿಯ ಹಿಟ್ಟಿನ ಕೈಯಲ್ಲೇ ಓಡಿ ಬಂದು ಬಾಗಿಲಿಗೆ ಒರಗಿ ನಿಂತಳು. ಆ ಬಸವ ಜಯಂತಿಗೆ ನಲವತ್ತೆರಡರ ಬಿಸಿಲಲ್ಲಿ ಚನ್ನು ಬಾಗೇವಾಡಿಯಲ್ಲಿ ಎರಡು ತಾಸು ಊದಿದ. ಮುದ್ದೇಬಿಹಾಳದಿಂದ ಬಂದ ಭಜನೆಯವರೊಬ್ಬರು, “ಚನ್ನಪ್ಪಾ, ಮೊದಲಿನಂಗ ಆತ್ ನೋಡಪಾ” ಎಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ. ಉಳಿದ ಬ್ಯಾರಲ್‌ಗಳ ಪೆಟ್ಟಿಗೆ ನನ್ನ ಟ್ರಂಕಿನ ತಳದಲ್ಲಿ, ಸೀರೆಗಳ ಕೆಳಗೆ ಇತ್ತು. ಅದರ ವಿಷಯ ನಾನು ಯಾರಿಗೂ ಹೇಳಿರಲಿಲ್ಲ. ಪ್ರತಿ ಸಂಜೆ ಅವನ ಸ್ವರ ಜಾರುವುದನ್ನು ಕಾಯುತ್ತಾ ಹಾರ್ಮೋನಿಯಂ ಮುಂದೆ ಕೂರುತ್ತಿದ್ದೆ. ಅಂಥ ಕಾಯುವಿಕೆ ಶತ್ರುವಿಗೂ ಬೇಡ.

ಶ್ರಾವಣ ಬಂತು, ಮಳೆಗಾಳಿ, ತಂಪು. ತಂಪಿಗೆ ಸ್ವರ ಇಳಿಯಬೇಕು, ಇಷ್ಟು ಕಲಿತಿದ್ದೆ. ಒಂದು ಸಂಜೆ ಅದು ಬಂದೇ ಬಂತು, ಕೂಡಲಿಲ್ಲ. ನಾನು ಪಟ್ಟಿಯಿಂದ ಬೆರಳು ತೆಗೆದೆ.

“ಅಕ್ಕಾ, ನಿನ್ನ ಪೆಟಗಿ ಇಳದೈತಿ,” ಎಂದ ಚನ್ನು.

“ನನ್ನ ಪೆಟಗಿ ಮೂವತ್ತು ವರ್ಷದಾಗ ಇಳದಿಲ್ಲ, ಈಗ ಇಳೀತೈತೇನು? ನೀನ ಇಳದಿ.”

“ನಿನ್ನ ಕಿವಿಗೇನ್ ಆಗೈತಿ? ಸರಿಯಾಗಿ ಕೇಳು. ನಾ ಮ್ಯಾಲ ಅದೇನಿ.”

ಮತ್ತೆ ಊದಿದ. ಹೆದರಿಕೆಯಲ್ಲಿ ನಾನು ಕೇಳಿಸಿಕೊಂಡೇ ಇರಲಿಲ್ಲ. ಅವನು ಮೇಲಿದ್ದ. ಈ ತಂಪಿನಲ್ಲಿ, ಆ ಗಿಡ್ಡ ಬ್ಯಾರಲ್ ಹಾಕಿಕೊಂಡು, ನನ್ನ ಹಾರ್ಮೋನಿಯಂ ದಾಟಿ ಮೇಲೆ ಹೋಗುತ್ತಿದ್ದ. ಮುಖ ಇನ್ನೂ ಸೊಟ್ಟಗೇ ಇತ್ತು. ಆದರೆ ಬಾಯಿಯ ಎಡಮೂಲೆ ಬಿಗಿದಿತ್ತು.

ನಾನು ಒಳಗೆ ಓಡಿ ಟ್ರಂಕು ಬುಡಮೇಲು ಮಾಡಿದೆ. ಪೆಟ್ಟಿಗೆ ತಂದು, ಅವನ ಮುಂದೆ ನೆಲದ ಮೇಲೆ, ಮುದುಕ ಜೋಡಿಸಿದಂತೆಯೇ ಜೋಡಿಸಿದೆ, ನನ್ನ ಎಡಕ್ಕೆ ಉದ್ದ, ಬಲಕ್ಕೆ ಗಿಡ್ಡ. ಗಿಡ್ಡದರ ಪಕ್ಕದ್ದನ್ನು ಎತ್ತಿಕೊಟ್ಟೆ. ಅವನು ಬದಲಿಸಿ ಊದಿದ. ಕರಿ ಐದು ಕೂಡಿತು. ನನಗೆ ಅಳು ತಡೆಯಲಾಗಲಿಲ್ಲ.

ಚನ್ನು ವಾದ್ಯ ಕೆಳಗಿಟ್ಟು ಸಾಲು ನೋಡುತ್ತಿದ್ದ. “ಅಳಾಕ ಏನಾತ? ಚಂದ ಏರಿಸಿ ಇಟ್ಟಾರಲ್ಲ. ಇನ್ನ ಮೂರ ಉಳದಾವ.”

“ಏರಿಸಿ?” ಎಂದೆ. “ಇಳಿಸಿ ಇಟ್ಟಾರೋ ಹುಚ್ಚಾ.”

“ಈ ಕಡಿಂದ ನೋಡು ಬಾ.”

ನಾನು ಕಣ್ಣೊರೆಸಿಕೊಂಡು ಎದ್ದೆ. ಸಾಲಿನ ಸುತ್ತ ಹೋಗಿ ಅವನ ಮಗ್ಗುಲಲ್ಲಿ ಕೂತೆ, ಮುದುಕ ಅವತ್ತು ಕೂತಿದ್ದ ಕಡೆ. ಅಲ್ಲಿಂದ ಸಾಲು ಎಲ್ಲಕ್ಕಿಂತ ಗಿಡ್ಡದರಿಂದ ಶುರುವಾಗಿ ಉದ್ದಕ್ಕೆ ಏರುತ್ತಿತ್ತು.